ಮುಂದಿನ ಪುಟಕ್ಕೆ ಹೋದ ಎರಡು ಸಾಲು

ಮೂಡಿಗೆರೆ ಬಸ್ ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಓಂಕಾರಪ್ಪನವರ ಡಿ.ಟಿ.ಪಿ. ಸೆಂಟರ್ ಇದೆ. ಊರಿನವರು ಈಗಲೂ ಅದನ್ನು ಟೈಪಿಂಗ್ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತಾರೆ. ವಸ್ತಾರೆಯಿಂದ ಬಂದ ಓಂಕಾರಪ್ಪನವರು ಹರೆಯದಲ್ಲಿ ಹಳೆಯ ಟೈಪ್‌ರೈಟರುಗಳನ್ನು ಕೊಂಡು ತಂದು ಅಲ್ಲಿ ಪಾಠ ಶುರು ಮಾಡಿದ್ದರು. ತಾಲ್ಲೂಕು ಕಚೇರಿಯಲ್ಲಿ, ಕೋರ್ಟಿನಲ್ಲಿ, ಎಸ್ಟೇಟ್ ಆಫೀಸುಗಳಲ್ಲಿ ಕೂತ ಎಷ್ಟೋ ಜನ ಬೆರಳು ಪಳಗಿಸಿಕೊಂಡದ್ದು ಅವರ ಕೈಕೆಳಗೆ. ಹಾಗಾಗಿ ಅವರು ಎಲ್ಲಿ ಹೋದರೂ ಮೇಷ್ಟ್ರೇ. ಹೋಟೆಲಿಗೆ ಹೋದರೆ ಯಾರೋ ಎದ್ದು ಜಾಗ ಬಿಡುತ್ತಿದ್ದರು. ಬೇಡವೆನ್ನುತ್ತಲೇ ಅವರು ಕೂರುತ್ತಿದ್ದರು.

ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂದಾಗ ಓಂಕಾರಪ್ಪನವರು ಹಿಂದೆ ಬೀಳಲಿಲ್ಲ. ಆದರೆ ಕೈಯ ಅಭ್ಯಾಸ ಹಳೆಯದೇ ಉಳಿಯಿತು. ಮೆಷಿನ್ನಿನಲ್ಲಿ ಜಾಗ ಬಿಡಬೇಕಾದರೆ ಉರುಳೆ ತಿರುಗಿಸುತ್ತಿದ್ದರು. ಕಂಪ್ಯೂಟರಿನಲ್ಲಿ ಎಂಟರ್ ಒತ್ತಿದರು. ಒಂದು ವಿಷಯ ಪುಟದ ಕೊನೆಯಲ್ಲಿ ಅರ್ಧಕ್ಕೆ ತುಂಡಾದರೆ ಅದರ ಮೇಲೆ ಎಂಟರ್, ಎಂಟರ್, ಎಂಟರ್ ಎಂದು ಒತ್ತಿ ಇಡಿಯಾಗಿ ಮುಂದಿನ ಪುಟಕ್ಕೆ ತಳ್ಳುವುದು. ಕಲಿಯಲು ಬಂದವರಿಗೂ ಅದನ್ನೇ ಹೇಳಿಕೊಟ್ಟರು. ಅದರಿಂದ ಅವರಿಗೆ ಯಾವತ್ತೂ ತೊಂದರೆಯಾಗಿರಲಿಲ್ಲ. ಅಥವಾ ಆಗಿದ್ದರೂ ಯಾರೂ ಬಂದು ಹೇಳಿರಲಿಲ್ಲ.

ಹೋದ ವರ್ಷ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ, ಚಿಕ್ಕಮಗಳೂರಿನಲ್ಲಿ ಓಂಕಾರಪ್ಪನವರ ಜಾತಿಯವರ ಸಮಾಜದ ವತಿಯಿಂದ ವಧು-ವರರ ಸಮಾವೇಶ ಮಾಡುವುದೆಂದು ತೀರ್ಮಾನವಾಯಿತು. ಹೆಸರು ಕೊಟ್ಟ ಹುಡುಗ ಹುಡುಗಿಯರ ವಿವರಗಳನ್ನೆಲ್ಲ ಒಂದು ಪುಸ್ತಿಕೆಯಾಗಿ ಅಚ್ಚು ಹಾಕಿಸಿ ಬಂದವರಿಗೆ ಹಂಚಬೇಕು. ಸಮಿತಿಯ ಅಧ್ಯಕ್ಷರು ಮಲ್ಲಿಕಾರ್ಜುನಪ್ಪ, ಮೆಣಸಿನ ವ್ಯಾಪಾರದವರು. ಅವರೇ ಮಹಡಿ ಹತ್ತಿ ಬಂದು, "ಮೇಷ್ಟ್ರೆ, ಈ ಕೆಲ್ಸ ನಿಮ್ಮ ಕೈಯಿಂದಾನೇ ಆಗ್ಬೇಕು" ಎಂದು ಅರ್ಜಿಗಳ ಕಟ್ಟು ಇಟ್ಟು ಹೋದರು. ಅಚ್ಚಿನ ಕೆಲಸ ಚಿಕ್ಕಮಗಳೂರಿನ ಸಫ್ದರ್ ಅವರ ಪ್ರೆಸ್ಸಿಗೆ. ಸಫ್ದರ್ ಮತ್ತು ಓಂಕಾರಪ್ಪನವರು ಎಷ್ಟೋ ವರ್ಷಗಳಿಂದ ಜೊತೆಯಲ್ಲಿ ಕೆಲಸ ಮಾಡಿದವರು. ಇವರು ಅಕ್ಷರ ಜೋಡಿಸಿ ಕಳಿಸುವುದು, ಅವರು ಅಚ್ಚು ಹಾಕುವುದು.

ಅರ್ಜಿ ಕೊಟ್ಟವರಲ್ಲಿ ಹೆಚ್ಚಿನವರು ಯಾರ ಕೈಯಲ್ಲೋ ಕಳಿಸಿದ್ದರು. ಜಾವಳಿಯ ಭುವನಾ ಮಾತ್ರ ತಾನೇ ಬಂದಳು. ಪಿಯುಸಿ ಮುಗಿಸಿದ ರಜೆಯಲ್ಲಿ ಓಂಕಾರಪ್ಪನವರ ಹತ್ತಿರವೇ ಟೈಪಿಂಗ್ ಕಲಿತವಳು. ಮದುವೆಯಾಗಿ ಹೋಗಿ, ಅದು ಮುರಿದು, ಕೋರ್ಟಿನಲ್ಲಿ ಬಿಡುಗಡೆ ಪಡೆದು ತವರಿಗೆ ಬಂದ ಮೇಲೆ ಕಾಫಿ, ಮೆಣಸಿನ ಸಸಿಗಳ ನರ್ಸರಿ ಇಟ್ಟುಕೊಂಡಿದ್ದಳು. ಉಗುರಿನ ಸಂದಿಯಲ್ಲಿ ಇನ್ನೂ ಮಣ್ಣಿತ್ತು.

"ಮೇಷ್ಟ್ರೆ, ಕೊನೇಲಿ 'ಇತರೆ ವಿವರ' ಅಂತ ಇದೆಯಲ್ಲ, ಅಲ್ಲಿ ಬರ್ದಿರೋದನ್ನ ಒಂದಕ್ಷರ ಬಿಡದೆ ಹಾಕ್ಬೇಕು ನೀವು."

ಓಂಕಾರಪ್ಪನವರು ಓದಿದರು. 'ಮೊದಲ ಮದುವೆ ನ್ಯಾಯಾಲಯದ ಮೂಲಕ ರದ್ದಾಗಿದೆ. ಇದನ್ನು ತಿಳಿದು ಒಪ್ಪುವವರು ಮಾತ್ರ ಸಂಪರ್ಕಿಸಿ' ಎಂದಿತ್ತು.

"ಬರೀದೆ ಇದ್ರೂ ನಡಿಯುತ್ತೆ ಕಣಮ್ಮ. ಬಂದವ್ರಿಗೆ ಆಮೇಲೆ ಬಾಯಲ್ಲಿ ಹೇಳಿದ್ರಾಯ್ತು."

"ಬೇಡ ಮೇಷ್ಟ್ರೆ. ಹೋದ್ಸಲ ಅಪ್ಪ ಹಂಗೇ ಮಾಡಿ ನೋಡಿದ್ರು. ಬಂದವ್ರು ತಿಂಡಿ ತಿಂದು ನಗ್ತಾ ಕೂತಿರುವಾಗ ಹೇಳೋದು, ಹೇಳಿದ್ಮೇಲೆ ಅವ್ರ ಮುಖ ನೋಡೋದು. ಇನ್ನೊಂದ್ಸಲ ನನ್ನಿಂದಾಗಲ್ಲ. ಓದ್ಕೊಂಡು ಒಪ್ಪಿದವ್ರು ಬರ್ಲಿ, ಇಲ್ದಿದ್ರೆ ಬೇಡ."

ಓಂಕಾರಪ್ಪನವರು ಆಯ್ತೆಂದರು. ಅವಳೆದುರಿಗೇ ಆ ಎರಡು ಸಾಲನ್ನು ಟೈಪ್ ಮಾಡಿ ತೋರಿಸಿದರು. ಅವಳು ನೆಮ್ಮದಿಯಿಂದ ಮೆಟ್ಟಿಲಿಳಿದು ಹೋದಳು.

ಪುಸ್ತಿಕೆಯೆಲ್ಲ ಒಂದೇ ಉದ್ದನೆಯ ಟೇಬಲ್. ಒಬ್ಬೊಬ್ಬರಿಗೂ ಒಂದೊಂದು ಅಡ್ಡಸಾಲು. ಸಾಲಿನೊಳಗೆ ಫೋಟೊ, ಹೆಸರು, ವಯಸ್ಸು, ಓದು, ಉದ್ಯೋಗ, ಕೊನೆಯ ಮನೆಯಲ್ಲಿ ಇತರೆ ವಿವರ. ಯಾರ ಸಾಲೂ ಪುಟದ ಕೊನೆಯಲ್ಲಿ ತುಂಡಾಗದಂತೆ ಓಂಕಾರಪ್ಪನವರು ಎಂಟರ್ ಒತ್ತಿ ಒತ್ತಿ ಎಲ್ಲವನ್ನೂ ಚೊಕ್ಕವಾಗಿ ಕೂರಿಸಿದರು. ಕೊನೆಯ ಪುಟದ ಅಡಿಯಲ್ಲಿ 'ಅಕ್ಷರ ಜೋಡಣೆ: ಓಂಕಾರಪ್ಪ, ಮೂಡಿಗೆರೆ' ಎಂದು ಹಾಕಿಕೊಂಡರು.

ಪ್ರೆಸ್ಸಿಗೆ ಕಳಿಸಬೇಕಾದ ದಿನ ಮಧ್ಯಾಹ್ನ ಮಲ್ಲಿಕಾರ್ಜುನಪ್ಪನವರ ಫೋನ್ ಬಂತು. ಅವರ ನೆಂಟರ ಹುಡುಗನೊಬ್ಬನ ಹೆಸರು ಬಿಟ್ಟುಹೋಗಿದೆಯಂತೆ, ಮೊದಲ ಪುಟಗಳಲ್ಲೇ ಎಲ್ಲಾದರೂ ಸೇರಿಸಬೇಕಂತೆ. ಸೇರಿಸಿದ್ದೇ ತಡ, ಕೆಳಗಿನದೆಲ್ಲ ಜಾರಿತು. ಎಲ್ಲೆಲ್ಲಿ ಜಾಗಕ್ಕೆಂದು ಎಂಟರ್ ಒತ್ತಿದ್ದರೋ ಅಲ್ಲೆಲ್ಲ ಪುಟದ ನಡುವೆ ಖಾಲಿ ಹೊಂಡ ಬಿತ್ತು. ತುಂಡಾಗಬಾರದ ಸಾಲುಗಳೆಲ್ಲ ತುಂಡಾದವು. ಓಂಕಾರಪ್ಪನವರು ಬೈದುಕೊಳ್ಳುತ್ತ ಮತ್ತೆ ಮೊದಲಿನಿಂದ ಸರಿಪಡಿಸತೊಡಗಿದರು. ಇಲ್ಲಿ ತೆಗೆದರೆ ಅಲ್ಲಿ ಜಾರುತ್ತಿತ್ತು. ವರರ ಭಾಗ ಮುಗಿಯುವಾಗಲೇ ಕಣ್ಣು ಉರಿಯತೊಡಗಿತು. ಸಫ್ದರ್ ಎರಡು ಸಲ ಫೋನ್ ಮಾಡಿ, "ಕಳಿಸಿದ್ರಾ ಸಾರ್?" ಎಂದು ಕೇಳಿದ್ದರು.

ವಧುಗಳ ಭಾಗದಲ್ಲಿ ಭುವನಾಳ ಸಾಲು ಬಲಗಡೆಯ ಪುಟದ ಅಡಿಗೆ ಬಂದು ಕೂತಿತ್ತು. ಅವಳ ಕೊನೆಯ ಎರಡು ಸಾಲು ಮಾತ್ರ ಜಾಗ ಸಾಲದೆ, ಹಾಳೆ ತಿರುಗಿಸಿದರೆ ಸಿಗುವ ಪುಟದ ನೆತ್ತಿಗೆ ಹೋಗಿತ್ತು. ಓಂಕಾರಪ್ಪನವರ ಕಣ್ಣಿಗೆ ಅದು ಬಿತ್ತು. ಬೀಳಲಿಲ್ಲವೆಂದು ಆಮೇಲೆ ತಮಗೆ ತಾವೇ ಹೇಳಿಕೊಳ್ಳಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ. ಖಂಡಿತ ನೋಡಿದ್ದರು. ಕೈ ಎಂಟರ್ ಕೀಯ ಮೇಲೂ ಹೋಗಿತ್ತು. ಇದೊಂದನ್ನು ತಳ್ಳಿದರೆ ಇದರ ಕೆಳಗಿನವೆಲ್ಲ ಮತ್ತೆ ಜಾರುತ್ತವೆ ಎಂದುಕೊಂಡು, ಓದುವವರು ಪುಟ ತಿರುಗಿಸಿ ಓದಿಕೊಳ್ಳುತ್ತಾರೆ ಬಿಡು ಎಂದು ಕೈ ತೆಗೆದರು. ಪಿಡಿಎಫ್ ಮಾಡಿ ಕಳಿಸಿಯೇ ಬಿಟ್ಟರು.

ಸಮಾವೇಶ ಜೋರಾಗಿ ನಡೆಯಿತು. ಪುಸ್ತಿಕೆ ಚೆನ್ನಾಗಿ ಬಂದಿದೆಯೆಂದು ಅಧ್ಯಕ್ಷರು ಓಂಕಾರಪ್ಪನವರನ್ನು ವೇದಿಕೆಗೆ ಕರೆದು ಶಾಲು ಹೊದಿಸಿದರು. ಅವರು ಆ ಶಾಲನ್ನು ಬಸ್ಸಿನಲ್ಲೂ ತೆಗೆಯದೆ ಮನೆಗೆ ಬಂದರು.

ಕೆಲವು ವಾರ ಕಳೆದು ಭುವನಾ ಅಂಗಡಿಗೆ ಬಂದಳು. ಕೈಯಲ್ಲಿ ಪುಸ್ತಿಕೆಯಿತ್ತು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು ಮೇಷ್ಟ್ರೆ. ಬೇಜಾರು ಮಾಡ್ಕೋಬಾರ್ದು."

ತರೀಕೆರೆ ಕಡೆಯ ರೇಣುಕಪ್ರಸಾದ್ ಎಂಬವರ ಮನೆಯವರು ಪುಸ್ತಿಕೆ ನೋಡಿ ಜಾವಳಿಗೆ ಬಂದಿದ್ದರಂತೆ. ರೇಣುಕಪ್ರಸಾದ್ ನರ್ಸರಿಯೆಲ್ಲ ತಿರುಗಾಡಿ, ಕಸಿ ಕಟ್ಟುವುದು ಹೇಗೆಂದು ಕೇಳಿ ತಿಳಿದುಕೊಂಡರಂತೆ. ಓದಿಕೊಂಡೇ ಬಂದಿದ್ದಾರೆಂದು ಭುವನಾ ಧೈರ್ಯವಾಗಿದ್ದಳು. ಊಟಕ್ಕೆ ಕೂತಾಗ ಯಾವುದೋ ಮಾತಿಗೆ, ಮೊದಲು ಕೊಟ್ಟಿದ್ದ ಮನೆಯ ಸುದ್ದಿ ತೆಗೆದಳು. ರೇಣುಕಪ್ರಸಾದರ ತಾಯಿ ಭಾಗಮ್ಮ ಕಲಸಿದ ಅನ್ನ ಬಿಟ್ಟು ಮುಖ ನೋಡಿದರಂತೆ.

"ಮದ್ವೆ ಆಗಿತ್ತು ಅನ್ನೋದನ್ನ ಮುಚ್ಚಿಟ್ಟು ಹುಡುಗಿನ ತೋರಿಸ್ತೀರಲ್ಲ, ನಿಮಗೆ ಹೆಂಗೆ ಮನಸು ಬಂತು ಅಂದ್ರು. ಮುಚ್ಚಿಟ್ಟಿಲ್ಲ, ಪುಸ್ತಕದಲ್ಲೇ ಇದೆ ಅಂತ ಒಳಗೆ ಹೋಗಿ ತಂದೆ. ಎಲ್ಲರೆದುರಿಗೆ ತೆಗೆದು ನೋಡಿದ್ರೆ ಇಲ್ಲ. ಅದೊಂದು ಬಿಟ್ಟು ಬಾಕಿ ಎಲ್ಲಾ ಇದೆ." ಅವಳು ಪುಸ್ತಿಕೆ ಬಿಡಿಸಿ ಮೇಜಿನ ಮೇಲಿಟ್ಟಳು. "ಅವ್ರು ಕೈ ತೊಳ್ಕೊಂಡು ಹೊರಟೋದ್ರು."

ಓಂಕಾರಪ್ಪನವರು ಪುಟ ನೋಡಿದರು. ಸಾಲಿನ ಅಡಿಯಲ್ಲಿ ಗೆರೆ ನೀಟಾಗಿ ಮುಚ್ಚಿಕೊಂಡಿತ್ತು. ಇನ್ನೂ ಏನೋ ಬಾಕಿಯಿದೆಯೆಂದು ಯಾರಿಗೂ ಅನ್ನಿಸುವಂತಿರಲಿಲ್ಲ. ಆ ಹಾಳೆಯನ್ನೊಮ್ಮೆ ತಿರುಗಿಸಿದ್ದರೆ ಸಾಕಿತ್ತು, ಎರಡು ಸಾಲೂ ಅಲ್ಲಿದ್ದವು. ಅವರ ಕೈ ಮೇಜಿನ ಮೇಲಿನಿಂದ ಏಳಲಿಲ್ಲ.

"ಪ್ರೆಸ್‌ನಲ್ಲಿ ಏನೋ ಎಡವಟ್ಟು ಆಗಿರ್ಬೇಕು ಕಣಮ್ಮ" ಎಂದುಬಿಟ್ಟರು.

ಭುವನಾ ಪುಸ್ತಿಕೆಯನ್ನು ತನ್ನ ಕಡೆ ಎಳೆದುಕೊಂಡಳು. "ಪ್ರೆಸ್‌ನವ್ರಿಗೆ ನಮ್ಮನೆ ವಿಷಯ ಏನ್ ಗೊತ್ತು ಮೇಷ್ಟ್ರೆ? ಅದೊಂದೇ ಮಾತು ಹೆಂಗೆ ಬಿಟ್ಟೋಗುತ್ತೆ? ಅಪ್ಪ ನಿಮಗೆ ಫೋನ್ ಮಾಡಿ ತೆಗೆಸಿದ್ದಾರೆ. ಅವ್ರು ಇಲ್ಲ ಅಂತಾರೆ, ದೇವ್ರ ಮೇಲೆ ಆಣೆ ಇಡ್ತಾರೆ. ನಾನು ಅವ್ರ ಹತ್ರ ಮಾತು ಬಿಟ್ಟಿದೀನಿ." ಪುಸ್ತಿಕೆ ಮಡಚಿಕೊಂಡು ಮೆಟ್ಟಿಲ ಹತ್ತಿರ ಹೋದವಳು ತಿರುಗಿದಳು. "ಹೌದು, ಇಲ್ಲ ಅಂತ ನೀವೇನೂ ಹೇಳೋಕೆ ಹೋಗ್ಬೇಡಿ. ಅಪ್ಪನ ಮಾತಿಗೆ ಸಿಕ್ಕಿ ನಿಮಗೂ ಸಂಕಟ ಆಗಿರುತ್ತೆ, ನಂಗೆ ಅರ್ಥ ಆಗುತ್ತೆ."

ಅವಳು ತಮ್ಮನ್ನೇ ಸಮಾಧಾನ ಮಾಡಿ ಹೋದಳಲ್ಲ ಎಂಬುದು ಓಂಕಾರಪ್ಪನವರನ್ನು ಸುಟ್ಟಿತು. ಎದ್ದು ಹೋಗಿ ಕೂಗಿ ಕರೆಯಬಹುದಿತ್ತು. ಕಿಟಕಿಯಿಂದ ಅವಳು ಬಸ್ ಸ್ಟ್ಯಾಂಡಿನ ಕಡೆ ನಡೆದುಹೋಗುವುದು ಕಾಣಿಸುತ್ತಿತ್ತು. ಕರೆಯಲಿಲ್ಲ.

ಒಂದು ಸಲ ಬಾಯಿಂದ ಬಿದ್ದ ಮಾತನ್ನೇ ಅವರು ಹಿಡಿದುಕೊಂಡರು. ಮನೆಯಲ್ಲಿ ಹೆಂಡತಿ ಶಿವಗಂಗಮ್ಮ, "ಭುವನಾ ಬಂದಿದ್ಲಂತಲ್ಲ, ಏನ್ ಸಮಾಚಾರ?" ಎಂದು ಕೇಳಿದಾಗಲೂ ಪ್ರೆಸ್ಸಿನವರದೇ ತಪ್ಪು ಎಂದರು. ಮಲ್ಲಿಕಾರ್ಜುನಪ್ಪನವರು ಫೋನ್ ಮಾಡಿ ರೇಗಾಡಿದಾಗಲೂ ಅದನ್ನೇ ಹೇಳಿದರು. ಆ ಫೋನಿನಿಂದಲೇ ಅವರಿಗೆ ಇನ್ನೊಂದು ವಿಷಯ ಗೊತ್ತಾಯಿತು. ಭುವನಾಳ ನಂತರದ ಪುಟದಲ್ಲಿದ್ದದ್ದು ಗೋಣಿಬೀಡಿನ ದಿವ್ಯಾ, ಮೊನ್ನೆ ಮೊನ್ನೆ ಬಿ.ಇಡಿ. ಮುಗಿಸಿದ ಹುಡುಗಿ. ಮೊದಲ ಮದುವೆ ರದ್ದಾಗಿದೆ ಎಂಬ ಸಾಲು ಅವಳ ಫೋಟೊದ ನೆತ್ತಿಯ ಮೇಲೆ ಹೋಗಿ ಕೂತಿತ್ತು. ನೋಡಿದವರೆಲ್ಲ ಅದು ಅವಳದೇ ಎಂದುಕೊಂಡಿದ್ದರು. ಎರಡು ಕಡೆಯವರು ಬರುತ್ತೇವೆಂದು ಹೇಳಿ ಬಾರದೆ ಉಳಿದಿದ್ದರು. ಯಾವಾಗ ಆಗಿತ್ತು, ಯಾರ ಜೊತೆ ಆಗಿತ್ತು ಎಂದು ಊರಿನಲ್ಲಿ ಗುಸುಗುಸು ಹಬ್ಬಿತ್ತು.

ಮರುದಿನ ಸಫ್ದರ್ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಅಧ್ಯಕ್ಷರು ತುಂಬಾ ಬೈದ್ರು ಸಾರ್. ಇನ್ಮೇಲೆ ಸಮಾಜದ ಕೆಲ್ಸ ನಮಗೆ ಕೊಡಲ್ವಂತೆ. ಹೋಗ್ಲಿ. ಆದ್ರೆ ನೀವು ಕಳ್ಸಿದ ಪಿಡಿಎಫ್ ನಾನು ತೆಗೆದು ನೋಡ್ದೆ. ಅದ್ರಲ್ಲೂ ಹಂಗೇ ಇದೆ. ನೀವೂ ಒಂದ್ಸಲ ನೋಡಿ ಸಾರ್, ನಾನೇ ತಪ್ಪು ತಿಳ್ಕೊಂಡಿರಬಹುದು."

ಓಂಕಾರಪ್ಪನವರು ಹೂಂ ಎಂದು ಫೋನ್ ಇಟ್ಟರು. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಆ ಕಡತ ತೆರೆದು ಭುವನಾಳ ಸಾಲಿಗೆ ಹೋದರು. ಏನು ಮಾಡಬೇಕೆಂದು ತೋಚದೆ, ಆ ಸಾಲಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಟೇಬಲ್ಲಿನ ಗುಣಲಕ್ಷಣಗಳ ಚೌಕ ತೆರೆದರು. ಕಾಲಮ್ಮಿನ ಅಗಲ ಹೊಂದಿಸಲು ಎಷ್ಟೋ ವರ್ಷಗಳಿಂದ ತೆರೆಯುತ್ತಿದ್ದ ಚೌಕ ಅದು. ಅದರ ಪಕ್ಕದಲ್ಲೇ ಅಡ್ಡಸಾಲಿಗೆಂದು ಇನ್ನೊಂದು ವಿಭಾಗವಿತ್ತು. ಅದನ್ನು ಅವರು ಯಾವತ್ತೂ ಒತ್ತಿ ನೋಡಿರಲಿಲ್ಲ. ಒತ್ತಿದರು. ಅಲ್ಲಿ ಇಂಗ್ಲಿಷಿನಲ್ಲಿ ಒಂದು ಮಾತು: ಸಾಲು ಪುಟಗಳ ನಡುವೆ ಮುರಿಯಲು ಬಿಡು. ಅದರ ಮುಂದೆ ಪುಟ್ಟ ಮನೆಯಲ್ಲಿ ಸರಿ ಗುರುತು. ಗುರುತು ತೆಗೆದು ಓಕೆ ಕೊಟ್ಟರು. ಭುವನಾಳ ಸಾಲು, ಫೋಟೊ, ಹೆಸರು, ಆ ಎರಡು ಮಾತು ಎಲ್ಲ ಸಮೇತ, ಒಂದೂ ಎಂಟರ್ ಇಲ್ಲದೆ ಮುಂದಿನ ಪುಟಕ್ಕೆ ಹೋಗಿ ಒಟ್ಟಾಗಿ ಕೂತಿತು.

ಪೂರ್ತಿ ಟೇಬಲ್ ಆರಿಸಿ ಹಾಗೇ ಮಾಡಿದರು. ಯಾರ ಸಾಲೂ ಮುರಿಯಲಿಲ್ಲ. ಬೇಕೆಂದೇ ಮೇಲೆ ಒಂದು ಖಾಲಿ ಸಾಲು ಸೇರಿಸಿದರು. ಎಲ್ಲ ಕೆಳಗೆ ಸರಿಯಿತು, ಆಗಲೂ ಯಾವುದೂ ಮುರಿಯಲಿಲ್ಲ. ಓಂಕಾರಪ್ಪನವರು ಪರದೆಯಿಂದ ಮುಖ ತಿರುಗಿಸಿದರು. ಗೋಡೆಗೆ ಹಳೆಯ ವಿದ್ಯಾರ್ಥಿಗಳ ಗ್ರೂಪ್ ಫೋಟೊ ಹಾಕಿದ್ದರು. ಅವರಿಗೆಲ್ಲ ಎಂಟರ್ ಒತ್ತಲು ಹೇಳಿಕೊಟ್ಟಿದ್ದೆನಲ್ಲ, ಅವರೆಲ್ಲ ಎಲ್ಲೆಲ್ಲಿ ಕೂತು ಒತ್ತುತ್ತಿದ್ದಾರೋ ಎನ್ನಿಸಿತು. ಗೊತ್ತಿಲ್ಲದ್ದು ಒಂದು ಕಡೆ ಇರಲಿ. ಗೊತ್ತಿದ್ದೂ ಕಳಿಸಿದ್ದು, ಕಳಿಸಿ ಇನ್ನೊಬ್ಬರ ತಲೆಗೆ ಕಟ್ಟಿದ್ದು, ಅದಕ್ಕೆ ಯಾವ ಚೌಕವನ್ನು ತೆರೆಯುವುದು?

ಅಂಗಡಿ ಮುಚ್ಚಿ ಚಿಕ್ಕಮಗಳೂರಿನ ಬಸ್ ಹತ್ತಿದರು. ವಸ್ತಾರೆಯಲ್ಲಿ ಪರಿಚಯದವರು ಹತ್ತಿ, "ಏನ್ ಮೇಷ್ಟ್ರೆ, ಅಪರೂಪ" ಎಂದಾಗ ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿಕೊಂಡರು.

ಸಫ್ದರ್ ಮೆಷಿನ್ ನಿಲ್ಲಿಸಿ, ಕೈ ಒರೆಸಿಕೊಂಡು ಬಂದು ಟೀ ತರಿಸಿದರು. ಓಂಕಾರಪ್ಪನವರು ಹೇಳಬೇಕಾದ್ದನ್ನೆಲ್ಲ ಲೋಟ ನೋಡುತ್ತಲೇ ಹೇಳಿದರು.

"ನಂಗೆ ಗೊತ್ತಿತ್ತು ಸಾರ್" ಎಂದರು ಸಫ್ದರ್. "ನೀವಾಗೇ ಹೇಳ್ತೀರೇನೋ ಅಂತ ಕಾದೆ. ಅಧ್ಯಕ್ಷರಿಗೆ ಹೇಳಿದ್ರಾ?"

"ಇನ್ನೂ ಇಲ್ಲ."

"ಅವ್ರಿಗೆ ಹೇಳಿ ಮೊದ್ಲು. ನನ್ನ ಹತ್ರ ಹೇಳಿ ಏನಾಗ್ಬೇಕು."

ಓಂಕಾರಪ್ಪನವರು ಅಲ್ಲೇ ಕೂತು ಫೋನ್ ಮಾಡಿದರು. ಮಲ್ಲಿಕಾರ್ಜುನಪ್ಪನವರದು ದೊಡ್ಡ ಗಂಟಲು. ಫೋನಿನಲ್ಲಿ ಆಡಿದ್ದು ಪಕ್ಕದವರಿಗೂ ಕೇಳುತ್ತದೆ. ಎಲ್ಲ ಕೇಳಿಸಿಕೊಂಡು ಅವರು, "ಆಗಿದ್ದು ಆಗೋಯ್ತು ಬಿಡಿ ಮೇಷ್ಟ್ರೆ. ಪ್ರೆಸ್‌ನದೇ ತಪ್ಪು ಅಂತ ಇದ್ಬಿಡ್ಲಿ. ನಮ್ಮವ್ರ ಹೆಸ್ರು ನಾವೇ ಯಾಕೆ ಕೆಡಿಸ್ಕೊಳ್ಳೋದು" ಎಂದರು.

ಸಫ್ದರ್ ಎದ್ದು ಹೋಗಿ ಕಾಗದದ ರೀಮುಗಳನ್ನು ಅತ್ತಿಂದಿತ್ತ ಎತ್ತಿಡತೊಡಗಿದರು. ಓಂಕಾರಪ್ಪನವರಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ನಮ್ಮವರು ಎಂಬ ಆ ಮಾತಿನ ಮರೆಯಲ್ಲೇ ಅಲ್ಲವೇ ತಾವು ಇಷ್ಟು ದಿನ ಕೂತಿದ್ದು. ಸಫ್ದರ್ ಅವರ ಹೆಸರು ಹೇಳಿದರೆ ಯಾರೂ ತಿರುಗಿ ಪ್ರಶ್ನೆ ಕೇಳುವುದಿಲ್ಲವೆಂದು ಎಲ್ಲೋ ಒಳಗೆ ಗೊತ್ತಿದ್ದರಿಂದಲೇ ಅಲ್ಲವೇ ಆ ಹೆಸರು ಅಷ್ಟು ಸಲೀಸಾಗಿ ಬಾಯಿಗೆ ಬಂದದ್ದು.

"ಇಲ್ಲ ಅಧ್ಯಕ್ಷರೆ. ತಪ್ಪು ನಂದು. ಸಮಿತಿ ಗ್ರೂಪ್‌ನಲ್ಲಿ ನಾನೇ ಹಾಕ್ತೀನಿ" ಎಂದರು. ಆ ಕಡೆಯಿಂದ ಉತ್ತರ ಬರುವ ಮೊದಲೇ ಫೋನ್ ಇಟ್ಟರು. ಭುವನಾಳ ಹೆಸರನ್ನೂ ದಿವ್ಯಾಳ ಹೆಸರನ್ನೂ ಹಾಕಿ, ಯಾರ ಮಾತು ಯಾರ ಮೇಲೆ ಬಿದ್ದಿತೆಂದು, ಪ್ರೆಸ್ಸಿನವರದು ಏನೂ ತಪ್ಪಿಲ್ಲವೆಂದು ವಾಟ್ಸಾಪಿನಲ್ಲಿ ಬರೆದರು. ಅಷ್ಟು ವೇಗದ ಬೆರಳುಗಳಿಗೆ ಒಂದೊಂದು ಅಕ್ಷರವೂ ಹುಡುಕಿ ಒತ್ತುವಂತಾಯಿತು.

"ತಿದ್ದುಪಡಿ ಅಂತ ಒಂದು ಹಾಳೆ ಮಾಡಿ ಕೊಡಿ ಸಾರ್" ಎಂದರು ಸಫ್ದರ್, ಬೆನ್ನು ಮಾಡಿಕೊಂಡೇ. "ಹಾಕಿ ಕೊಡ್ತೀನಿ."

ಜಾವಳಿಗೆ ಹೋದದ್ದು ಮಾರನೆಯ ದಿನ ಬೆಳಿಗ್ಗೆ. ಭುವನಾ ನರ್ಸರಿಯ ನೆರಳು ಬಲೆಯ ಕೆಳಗೆ ಕೂತು ಪಾಲಿಥಿನ್ ಚೀಲಗಳಿಗೆ ಮಣ್ಣು ತುಂಬುತ್ತಿದ್ದಳು. ಅವಳ ತಂದೆ ಮಲ್ಲೇಶಪ್ಪ ದೂರದಲ್ಲಿ ಪೈಪಿಗೆ ಕಟ್ಟು ಹಾಕುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತಿದ್ದರು.

ಓಂಕಾರಪ್ಪನವರು ನಿಂತೇ ಪುಸ್ತಿಕೆ ತೆಗೆದರು. ಮೊನ್ನೆ ತಿರುಗಿಸದೆ ಬಿಟ್ಟ ಹಾಳೆಯನ್ನು ತಿರುಗಿಸಿ ತೋರಿಸಿದರು. "ಇಲ್ಲಿದೆ ನೋಡಮ್ಮ. ನಿಮ್ಮಪ್ಪ ಫೋನೂ ಮಾಡಿಲ್ಲ, ಏನೂ ಇಲ್ಲ. ನಾನು ನೋಡಿದ್ದೆ. ಸರಿ ಮಾಡೋ ತಾಳ್ಮೆ ಇಲ್ದೆ ಹಂಗೇ ಕಳಿಸ್ದೆ. ನೀನು ಬಂದು ಕೇಳ್ದಾಗ್ಲೂ ಸುಳ್ಳು ಹೇಳ್ದೆ."

ಭುವನಾ ಓದಿದಳು. ಮಣ್ಣಿನ ಬೆರಳು ಪುಟದ ಮೇಲೆ ಗುರುತು ಬಿಟ್ಟಿತು.

"ರೇಣುಕಪ್ರಸಾದ್ ಅವ್ರಿಗೆ ನಾನೇ ಫೋನ್ ಮಾಡಿ ಹೇಳ್ತೀನಿ."

"ಹೇಳಿ. ನಾನು ಸುಳ್ಳು ಹೇಳೋಳಲ್ಲ ಅನ್ನೋದಾದ್ರೂ ಅವ್ರಿಗೆ ಗೊತ್ತಾಗ್ಲಿ. ವಾಪಸ್ ಬರ್ಲಿ ಅಂತಲ್ಲ. ಮೊದ್ಲೇ ಓದಿದ್ರೆ ಅವ್ರಮ್ಮ ಈ ಕಡೆ ಹೆಜ್ಜೆನೂ ಇಡ್ತಿರ್ಲಿಲ್ಲ." ಅವಳು ಪುಸ್ತಿಕೆಯನ್ನು ಅವರ ಕೈಗೇ ಕೊಟ್ಟಳು. "ಅಪ್ಪನ ಹತ್ರಾನೂ ನೀವೇ ಹೇಳಿ ಮೇಷ್ಟ್ರೆ. ನಂಗೆ ಯಾವ ಬಾಯಲ್ಲಿ ಹೇಳೋದೂಂತ ಗೊತ್ತಾಗ್ತಿಲ್ಲ. ಆಡಬಾರದ್ದೆಲ್ಲ ಆಡಿದೀನಿ ಅವ್ರಿಗೆ."

ಮಲ್ಲೇಶಪ್ಪ ಎಲ್ಲ ಕೇಳಿಸಿಕೊಂಡರು. ಬೈದಿದ್ದರೆ ಓಂಕಾರಪ್ಪನವರಿಗೆ ಹಗುರಾಗುತ್ತಿತ್ತೇನೋ. ಪೈಪಿನ ಕಟ್ಟು ಬಿಗಿದು ಮುಗಿಸಿ ಎದ್ದು, ಮಗಳ ಕಡೆ ನೋಡಿ, "ಮೇಷ್ಟ್ರಿಗೆ ಕಾಫಿ ಕೊಟ್ಯಾ?" ಎಂದು ಕೇಳಿದರು. ಭುವನಾ ಮುಖ ತಗ್ಗಿಸಿಕೊಂಡು ಒಳಗೆ ಹೋದಳು. ಅವಳು ತಂದುಕೊಟ್ಟ ಕಾಫಿಯನ್ನು ಓಂಕಾರಪ್ಪನವರು ಬೇಡವೆನ್ನಲಾರದೆ ಕುಡಿದರು.

ಗೋಣಿಬೀಡಿನಲ್ಲಿ ಕಾಫಿ ಸಿಗಲಿಲ್ಲ. ದಿವ್ಯಾಳ ತಂದೆ ತಮ್ಮ ಗೊಬ್ಬರದಂಗಡಿಯ ಬಾಗಿಲಲ್ಲೇ ನಿಲ್ಲಿಸಿ, ಗಿರಾಕಿಗಳೆದುರಿಗೆ ಪೂರ್ತಿ ಹೇಳಿಸಿದರು. ಆಮೇಲೆ, "ಇದನ್ನ ನೀವು ಇಲ್ಲಿ ನಾಕು ಜನಕ್ಕೆ ಹೇಳಿದ್ರಿ. ಪುಸ್ತಕ ಎಷ್ಟು ಮನೆಗೆ ಹೋಗಿದೆ?" ಎಂದು ಕೇಳಿದರು. ಓಂಕಾರಪ್ಪನವರು ತಿದ್ದುಪಡಿಯ ಹಾಳೆಯನ್ನು ಎಲ್ಲರಿಗೂ ಕಳಿಸುತ್ತೇನೆಂದರು. "ಕಳ್ಸಿ" ಎಂದು ಅವರು ಒಳಗೆ ಹೋದರು.

ರೇಣುಕಪ್ರಸಾದ್ ಫೋನಿನಲ್ಲಿ ಮರ್ಯಾದೆಯಿಂದಲೇ ಮಾತಾಡಿದರು. ಹೇಳಿದ್ದು ಒಳ್ಳೆಯದಾಯಿತು, ತಾಯಿಗೂ ತಿಳಿಸುತ್ತೇನೆ ಎಂದರು. ಜಾವಳಿಯ ಮಾತನ್ನು ಮುಂದುವರಿಸಲಿಲ್ಲ.

ಮನೆಗೆ ಬಂದಾಗ ಶಿವಗಂಗಮ್ಮ ಹಲಸಿನ ಬೀಜ ಸುಲಿಯುತ್ತಿದ್ದರು. ಓಂಕಾರಪ್ಪನವರು ಚಪ್ಪಲಿ ಬಿಟ್ಟು ಅಲ್ಲೇ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದರು. ಊರೂರು ತಿರುಗಿ ಹೇಳಿ ಅಭ್ಯಾಸವಾಗಿರುತ್ತದೆ, ಇಲ್ಲಿ ಸಲೀಸು ಎಂದುಕೊಂಡಿದ್ದರು. ಇಲ್ಲೇ ಎರಡು ಸಲ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು.

ಶಿವಗಂಗಮ್ಮನವರ ಕೈ ನಿಂತಿತು.

"ಅಲ್ರೀ, ನಾನು ಪ್ರೆಸ್‌ನವ್ರದೇ ತಪ್ಪು ಅಂತ ಅಕ್ಕನ ಬಳಗದ ಹೆಂಗಸ್ರಿಗೆಲ್ಲ ಹೇಳಿದೀನಲ್ಲ. ನಮ್ಮನೆಯವ್ರ ಕೈಯಲ್ಲಿ ಅಂಥದ್ದು ಆಗೋದೇ ಇಲ್ಲ ಅಂತ ಎದೆ ತಟ್ಕೊಂಡು ಹೇಳಿದೀನಿ."

ಓಂಕಾರಪ್ಪನವರು ಮೊರದಿಂದ ಒಂದು ಬೀಜ ಎತ್ತಿಕೊಂಡು ಸುಲಿಯತೊಡಗಿದರು.

"ಈಗ ನಾನೂ ಹೋಗಿ ಹೇಳ್ಬೇಕು" ಎಂದರು ಶಿವಗಂಗಮ್ಮ. ಆ ಮಾತಿನಲ್ಲಿ ಜೋರಿರಲಿಲ್ಲ. ಸಿಪ್ಪೆಯನ್ನು ಮೊರದ ಒಂದು ಬದಿಗೆ ಸರಿಸಿ, ಸೆರಗು ಕೊಡವಿ ಎದ್ದು, ಸೀರೆ ಬದಲಾಯಿಸಲು ಒಳಗೆ ಹೋದರು. ಓಂಕಾರಪ್ಪನವರು ತಾವೂ ಜೊತೆಗೆ ಬರುತ್ತೇನೆಂದು ಹೇಳಬೇಕೆಂದು ಕೂತಿದ್ದರು. ಹೆಂಡತಿ ಹೊರಗೆ ಬಂದು ಚಪ್ಪಲಿ ಮೆಟ್ಟಿದಾಗಲೂ, ಗೇಟು ತೆಗೆದಾಗಲೂ ಆ ಮಾತು ಬಾಯಿಗೆ ಬರಲಿಲ್ಲ.